ಪಾದ್ರಿಗಳು ಮತಗಟ್ಟೆಗೆ ಬಂದ ದಾರಿ

1965ರ ಮಾರ್ಚ್ 21, ಭಾನುವಾರ. ಅಲಬಾಮಾ ರಾಜ್ಯದ ಸೆಲ್ಮಾ ಎಂಬ ಊರಿನಿಂದ ಮಾರ್ಟಿನ್ ಲೂಥರ್ ಕಿಂಗ್ ಅವರ ಪಾದಯಾತ್ರೆ ಹೊರಟ ದಿನ ಅದು. ಎರಡು ವಾರದ ಹಿಂದೆ ಇದೇ ಹಾದಿಯಲ್ಲಿ ಹೊರಟವರನ್ನು ಎಡ್ಮಂಡ್ ಪೆಟ್ಟಸ್ ಸೇತುವೆಯ ಬಳಿ ಪೊಲೀಸರು ಅಶ್ರುವಾಯು ಸಿಡಿಸಿ, ಲಾಠಿ ಬೀಸಿ ಅಟ್ಟಿದ್ದರು. ಈ ಸಲ ಸೈನ್ಯದ ಕಾವಲಿತ್ತು. ಕಪ್ಪು ಜನರ ಜೊತೆಯಲ್ಲಿ ಉತ್ತರದ ರಾಜ್ಯಗಳಿಂದ ಬಂದ ಬಿಳಿಯ ಪಾದ್ರಿಗಳು, ಕ್ಯಾಥೊಲಿಕ್ ಸನ್ಯಾಸಿನಿಯರು, ಯಹೂದಿ ರಬ್ಬಿಗಳು ಹೆಜ್ಜೆ ಹಾಕುತ್ತಿದ್ದರು.

ಅದೇ ಭಾನುವಾರ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ 31 ವರ್ಷದ ಬ್ಯಾಪ್ಟಿಸ್ಟ್ ಪಾದ್ರಿ ಜೆರ್ರಿ ಫಾಲ್ವೆಲ್ ತಮ್ಮ ಚರ್ಚಿನಲ್ಲಿ ಒಂದು ಪ್ರವಚನ ಮಾಡಿದರು. ಅದರ ಶೀರ್ಷಿಕೆಯೇ 'ಪಾದ್ರಿಗಳು ಮತ್ತು ಮೆರವಣಿಗೆಗಳು'. ಪಾದ್ರಿಯನ್ನು ದೇವರು ಕರೆದಿರುವುದು ಆತ್ಮಗಳನ್ನು ಗೆಲ್ಲುವುದಕ್ಕೆ, ರಾಜಕಾರಣ ಮಾಡುವುದಕ್ಕಲ್ಲ ಎಂಬುದು ಅದರ ಸಾರ. ಕಿಂಗ್‌ರಂಥವರ ಪ್ರಾಮಾಣಿಕತೆಯ ಮೇಲೂ ಅವರು ಅನುಮಾನದ ಮಾತಾಡಿದರು. ಪ್ರವಚನ ಪುಸ್ತಿಕೆಯಾಗಿ ಅಚ್ಚಾಗಿ ಊರೂರಿಗೆ ಹೋಯಿತು.

ಹದಿನೈದು ವರ್ಷ ಕಳೆಯುವಷ್ಟರಲ್ಲಿ ಇದೇ ಫಾಲ್ವೆಲ್ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಅತಿ ದೊಡ್ಡ ಧಾರ್ಮಿಕ ದಳಪತಿಯಾಗಿದ್ದರು. ಪತ್ರಕರ್ತರು ಹಳೆಯ ಪ್ರವಚನವನ್ನು ಹುಡುಕಿ ತಂದು ಮುಖಕ್ಕೆ ಹಿಡಿದಾಗ, ಅದು ತಮ್ಮ ಸುಳ್ಳು ಪ್ರವಾದನೆ ಎಂದು ಹೇಳಿ ಕೈತೊಳೆದುಕೊಂಡರು. 1965ಕ್ಕೂ 1980ಕ್ಕೂ ನಡುವೆ ನಡೆದದ್ದೇನು? ಈ ಪ್ರಶ್ನೆಗೆ ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಸಿದ್ಧ ಉತ್ತರವಿದೆ. 1973ರಲ್ಲಿ ಸುಪ್ರೀಂ ಕೋರ್ಟು ಗರ್ಭಪಾತವನ್ನು ಹಕ್ಕೆಂದು ಸಾರಿತು, ಧರ್ಮಭೀರುಗಳು ಕೆರಳಿ ಎದ್ದರು ಎಂಬುದು ಆ ಉತ್ತರ. ಕೇಳಲು ಸರಿಯಾಗಿಯೇ ಇದೆ. ಆದರೆ ತಾರೀಕುಗಳು ಹೊಂದುವುದಿಲ್ಲ.

ಫಾಲ್ವೆಲ್ ಬೆಳೆದ ಮನೆ ಭಕ್ತರ ಮನೆಯೇನಲ್ಲ. ತಂದೆ ಕ್ಯಾರಿ ಫಾಲ್ವೆಲ್ ಪಾನನಿಷೇಧದ ಕಾಲದಲ್ಲಿ ಕಳ್ಳಸಾರಾಯಿಯ ವ್ಯಾಪಾರ ಮಾಡಿ ಕಾಸು ಕಂಡವರು. ಕುಡಿದು ಮೈಮೇಲೆ ಬಿದ್ದ ಸ್ವಂತ ತಮ್ಮನನ್ನೇ ಆತ್ಮರಕ್ಷಣೆಗಾಗಿ ಗುಂಡಿಟ್ಟು ಕೊಂದವರು. ಚರ್ಚಿನ ಕಡೆ ತಲೆ ಹಾಕದವರು. ಮಗನಿಗೆ ಕಾಲೇಜಿನಲ್ಲಿದ್ದಾಗ ದೈವಭಕ್ತಿ ಹತ್ತಿತು. 1956ರಲ್ಲಿ 35 ಜನರನ್ನು ಕಟ್ಟಿಕೊಂಡು, ಡೊನಾಲ್ಡ್ ಡಕ್ ಎಂಬ ಸೋಡಾ ಕಂಪನಿ ಬಿಟ್ಟುಹೋದ ಖಾಲಿ ಕಟ್ಟಡದಲ್ಲಿ ಚರ್ಚು ಆರಂಭಿಸಿದರು. ಗೋಡೆಗೂ ನೆಲಕ್ಕೂ ಮೆತ್ತಿಕೊಂಡಿದ್ದ ಸಕ್ಕರೆ ಪಾಕವನ್ನು ಉಜ್ಜಿ ತೆಗೆಯುವುದೇ ಆ ಸಭೆಯ ಮೊದಲ ಸೇವೆ. ಕೆಲವೇ ತಿಂಗಳಲ್ಲಿ ರೇಡಿಯೊ, ಅದರ ಬೆನ್ನಿಗೇ ಟೆಲಿವಿಷನ್. ದನಿ ಗಟ್ಟಿಯಿತ್ತು, ಲೆಕ್ಕ ಚುರುಕಿತ್ತು.

ಇನ್ನು ರಾಜಕಾರಣ ನಮ್ಮ ಕೆಲಸವಲ್ಲ ಎಂಬ ಮಾತು. ಅದು ಅವರ ಸ್ವಂತದ್ದಲ್ಲ, ನಲವತ್ತು ವರ್ಷ ಹಳೆಯದು. 1925ರ ಜುಲೈನಲ್ಲಿ ಟೆನೆಸಿ ರಾಜ್ಯದ ಡೇಟನ್ ಎಂಬ ಪುಟ್ಟ ಊರಿನಲ್ಲಿ, ಮಕ್ಕಳಿಗೆ ವಿಕಾಸವಾದ ಹೇಳಿಕೊಟ್ಟನೆಂದು ಜಾನ್ ಸ್ಕೋಪ್ಸ್ ಎಂಬ ಮೇಷ್ಟರ ಮೇಲೆ ಮೊಕದ್ದಮೆ ನಡೆಯಿತು. ಊರಿಗೆ ಹೆಸರು ಬರಲಿ, ವ್ಯಾಪಾರ ಕುದುರಲಿ ಎಂದು ಊರಿನವರೇ ಔಷಧದಂಗಡಿಯಲ್ಲಿ ಕೂತು ಹೂಡಿದ ಮೊಕದ್ದಮೆ ಅದು. ಹೆಸರೇನೋ ಬಂತು, ಬಯಸಿದ ರೀತಿಯಲ್ಲಿ ಬರಲಿಲ್ಲ. ಬೈಬಲಿನ ಪರ ನಿಂತವರು ಮೂರು ಸಲ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಎದುರಿಗೆ ಷಿಕಾಗೋದ ವಕೀಲ ಕ್ಲಾರೆನ್ಸ್ ಡ್ಯಾರೊ. ಸೆಕೆ ತಾಳಲಾರದೆ ಕೋರ್ಟನ್ನು ಅಂಗಳದ ಮರಗಳ ಕೆಳಗೆ ಸಾಗಿಸಿದ್ದಾಗ ಡ್ಯಾರೊ ಬ್ರಯಾನರನ್ನೇ ಸಾಕ್ಷಿಕಟ್ಟೆಗೆ ಕರೆದು, ಯೋನನನ್ನು ಮೀನು ನುಂಗಿದ್ದು ಹೇಗೆ, ಕಾಯಿನನಿಗೆ ಹೆಂಡತಿ ಸಿಕ್ಕಿದ್ದು ಎಲ್ಲಿ ಎಂದು ಹಿಂಡಿದರು. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು, ಅಂದರೆ ಮೊಕದ್ದಮೆ ಬ್ರಯಾನ್ ಪಕ್ಷವೇ ಗೆದ್ದಿತು. ಐದು ದಿನದಲ್ಲಿ ಬ್ರಯಾನ್ ಅದೇ ಊರಿನಲ್ಲಿ ಮಲಗಿದ್ದಲ್ಲೇ ತೀರಿಕೊಂಡರು. ಪಟ್ಟಣದ ಪತ್ರಿಕೆಗಳು ಹಳ್ಳಿಯ ಭಕ್ತರನ್ನು ವರ್ಷಗಟ್ಟಲೆ ಗೇಲಿ ಮಾಡಿದವು.

ಬ್ರಯಾನರನ್ನು ಮೂಢರ ಮುಂದಾಳು ಎಂದು ಮಾತ್ರ ನೆನೆಯುವುದು ಅನ್ಯಾಯ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಹೆಂಗಸರಿಗೆ ಮತದ ಹಕ್ಕು, ರೈತರ ಸಾಲದ ಸಂಕಟ, ಆದಾಯ ತೆರಿಗೆ, ಯುದ್ಧವಿರೋಧ ಇವೆಲ್ಲಕ್ಕೂ ಬಡಿದಾಡಿದವರು ಅವರು. ಬಲವಂತರೇ ಬದುಕಬೇಕೆಂಬ ನೀತಿಯನ್ನು ಶಾಲೆಯಲ್ಲಿ ಕಲಿಸಿದರೆ ಬಡವರ ಗತಿಯೇನು ಎಂಬ ದಿಗಿಲೂ ಅವರ ವಿಕಾಸವಾದದ ವಿರೋಧದೊಳಗಿತ್ತು. ಬೈಬಲನ್ನು ಅಕ್ಷರಶಃ ನಂಬುವವರೆಲ್ಲ ಶ್ರೀಮಂತರ ಪಕ್ಷಕ್ಕೇ ಸೇರಿದವರು ಎಂಬ ಸಮೀಕರಣ ಆಗಿನ್ನೂ ಹುಟ್ಟಿರಲಿಲ್ಲ. ಇವತ್ತಿಗೂ ಅದು ಪೂರ್ತಿ ನಿಜವಲ್ಲ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೈಬಲಿನ ಮೇಲಿನ ನಂಬಿಕೆ ಬಿಳಿಯರದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ, ಅವರ ಮತ ಬೀಳುವುದು ಮಾತ್ರ ಡೆಮಾಕ್ರಟರಿಗೆ. ಆದ್ದರಿಂದ ಈ ಕಥೆ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರದು, ಅಂದರೆ ಬೈಬಲನ್ನೇ ಪರಮಪ್ರಮಾಣವೆಂದು ನಂಬಿ ಸಾರುವ ಬಿಳಿಯ ಪ್ರಾಟೆಸ್ಟಂಟರದು ಎಂಬುದನ್ನು ಓದುಗರು ಮರೆಯಬಾರದು.

ಡೇಟನ್ನಿನ ಅವಮಾನದ ನಂತರ ಇವರು ತಮ್ಮದೇ ಒಂದು ಲೋಕ ಕಟ್ಟಿಕೊಂಡರು. ಸ್ವಂತ ಬೈಬಲ್ ಕಾಲೇಜು, ಸ್ವಂತ ಮುದ್ರಣಾಲಯ, ಸ್ವಂತ ರೇಡಿಯೊ, ಮಕ್ಕಳಿಗೆ ಸ್ವಂತ ಬೇಸಿಗೆ ಶಿಬಿರ. 1927ರಲ್ಲಿ ಹುಟ್ಟಿ ಮುಂದೆ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ನೆಲೆಯೂರಿದ ಬಾಬ್ ಜೋನ್ಸ್ ಕಾಲೇಜು ಆ ಲೋಕದ ಮುಖ್ಯ ವಿದ್ಯಾಪೀಠ. ಹೊರಗಿನ ಜಗತ್ತು ಹೇಗೂ ಕೆಟ್ಟಿದೆ, ಕ್ರಿಸ್ತ ಮತ್ತೆ ಬರುವ ಕಾಲ ಹತ್ತಿರವಿದೆ, ಅಷ್ಟರಲ್ಲಿ ಆದಷ್ಟು ಜನರನ್ನು ದಡ ಹತ್ತಿಸೋಣ ಎಂಬ ಮನೋಭಾವ. ಪೂರ್ತಿ ಬಾಗಿಲು ಹಾಕಿಕೊಂಡಿದ್ದರು ಎಂದಲ್ಲ. ಕಮ್ಯುನಿಸಂ ಎಂದಾಕ್ಷಣ ಪೀಠದಿಂದಲೇ ಗುಡುಗುತ್ತಿದ್ದರು. ಹೆಸರಾಂತ ಬೋಧಕ ಬಿಲ್ಲಿ ಗ್ರಹಾಂ ಅಧ್ಯಕ್ಷರ ಜೊತೆ ಗಾಲ್ಫ್ ಆಡುತ್ತಿದ್ದರು. ಶೀತಲಸಮರದ ಬಿಸಿಯಲ್ಲಿ, 1954ರಲ್ಲಿ ಧ್ವಜವಂದನೆಯ ಪ್ರತಿಜ್ಞೆಗೆ ದೇವರ ಹೆಸರು ಸೇರಿತು. ಪೀಠಕ್ಕೆ ಸಲ್ಲದ ರಾಜಕಾರಣ ಎಂದು ಫಾಲ್ವೆಲ್ ಹೇಳಿದ್ದು ಒಂದೇ ಬಗೆಯ ರಾಜಕಾರಣವನ್ನು. ಆವತ್ತು ಸೆಲ್ಮಾದ ರಸ್ತೆಯಲ್ಲಿ ನಡೆಯುತ್ತಿದ್ದದ್ದನ್ನು.

ಕಥೆಯ ನಿಜವಾದ ಗಂಟು ಇರುವುದು ಶಾಲೆಯಲ್ಲಿ.

1954ರ ಬ್ರೌನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬಿಳಿ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ದಕ್ಷಿಣದ ರಾಜ್ಯಗಳು ಸೆಟೆದು ನಿಂತವು. ಲಿಂಚ್‌ಬರ್ಗ್‌ನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಮಾಡಿದ್ದಂತೂ ನಂಬಲಾಗದ್ದು. ಮಕ್ಕಳನ್ನು ಒಟ್ಟಿಗೆ ಕೂರಿಸಿ ಎಂದು ಕೋರ್ಟು ಹೇಳಿದ್ದಕ್ಕೆ 1959ರಲ್ಲಿ ಇಡೀ ಕೌಂಟಿಯ ಸರ್ಕಾರಿ ಶಾಲೆಗಳಿಗೇ ಬೀಗ ಜಡಿದರು. ಬಿಳಿಯರ ಮಕ್ಕಳಿಗೆ ಖಾಸಗಿ ಅಕಾಡೆಮಿ ಎದ್ದು ನಿಂತಿತು. ಕಪ್ಪು ಮಕ್ಕಳು ಸಾವಿರಕ್ಕೂ ಹೆಚ್ಚು. ಅವರಲ್ಲಿ ಕೆಲವರು ಬೇರೆ ಊರಿನ ನೆಂಟರ ಮನೆಗೆ ಹೋದರು, ಉಳಿದವರು ಚರ್ಚಿನ ನೆಲಮಾಳಿಗೆಯಲ್ಲಿ ಯಾರೋ ಪುಣ್ಯಾತ್ಮರು ಹೇಳಿಕೊಟ್ಟಷ್ಟು ಕಲಿತರು. 1964ರವರೆಗೆ, ಐದು ವರ್ಷ, ಬೀಗ ತೆಗೆಯಲಿಲ್ಲ.

ಉಳಿದ ಕಡೆ ಇಷ್ಟು ಒರಟಾಗಿ ನಡೆಯಲಿಲ್ಲ. ಸರ್ಕಾರಿ ಶಾಲೆಗೆ ಕಪ್ಪು ಮಕ್ಕಳು ಬರುವ ವರ್ಷವೇ ಪಕ್ಕದಲ್ಲಿ ಬಿಳಿಯರ ಖಾಸಗಿ ಶಾಲೆ ಏಳುತ್ತಿತ್ತು, ಎಷ್ಟೋ ಸಲ ಚರ್ಚಿನ ಆವರಣದಲ್ಲೇ, ಕ್ರಿಶ್ಚಿಯನ್ ಅಕಾಡೆಮಿ ಎಂಬ ಹೆಸರಿನಲ್ಲಿ. ಮಿಸಿಸಿಪಿಯ ಹೋಮ್ಸ್ ಕೌಂಟಿಯ ಲೆಕ್ಕ ನೋಡಿ. ಒಟ್ಟಿಗೆ ಕಲಿಸಲು ಆರಂಭಿಸಿದ ಮೊದಲ ವರ್ಷ ಸರ್ಕಾರಿ ಶಾಲೆಗಳ ಬಿಳಿಯ ಮಕ್ಕಳ ಸಂಖ್ಯೆ 771ರಿಂದ 28ಕ್ಕೆ ಇಳಿಯಿತು. ಮರುವರ್ಷ ಸೊನ್ನೆ. ಲಿಂಚ್‌ಬರ್ಗ್‌ನಲ್ಲಿ ಫಾಲ್ವೆಲ್ ತಮ್ಮ ಶಾಲೆ ತೆರೆದದ್ದು 1967ರಲ್ಲಿ. ಅದು ಬಿಳಿಯ ವಿದ್ಯಾರ್ಥಿಗಳ ಖಾಸಗಿ ಶಾಲೆ ಎಂದು ಊರಿನ ಪತ್ರಿಕೆಯೇ ಬರೆಯಿತು. ಸುಪ್ರೀಂ ಕೋರ್ಟು 1962 ಮತ್ತು 63ರಲ್ಲಿ ಸರ್ಕಾರಿ ಶಾಲೆಗಳ ಪ್ರಾರ್ಥನೆ ಮತ್ತು ಬೈಬಲ್ ಪಠಣವನ್ನು ನಿಲ್ಲಿಸಿತ್ತು, ಅದಕ್ಕಾಗಿ ಸ್ವಂತ ಶಾಲೆ ಬೇಕಾಯಿತು ಎಂದು ಇವರು ಹೇಳುತ್ತಿದ್ದರು. ಕೆಲವರ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಪ್ರಾರ್ಥನೆ ನಿಂತ ವರ್ಷ ಸುಮ್ಮನಿದ್ದು, ಕಪ್ಪು ಮಕ್ಕಳು ಬಂದ ವರ್ಷ ಶಾಲೆ ಕಟ್ಟಿದವರ ಸಂಖ್ಯೆಯೇ ದೊಡ್ಡದು.

ಇಂಥ ಶಾಲೆಗಳ ಜೀವಾಳ ತೆರಿಗೆ ವಿನಾಯಿತಿ. ನಮ್ಮ 80ಜಿ ಇದ್ದಂತೆ: ಸಂಸ್ಥೆ ಧರ್ಮಾರ್ಥ ಎಂದು ದಾಖಲಾದರೆ ಅದಕ್ಕೂ ತೆರಿಗೆಯಿಲ್ಲ, ದೇಣಿಗೆ ಕೊಟ್ಟವರಿಗೂ ತೆರಿಗೆಯಲ್ಲಿ ಕಡಿತ ಸಿಗುತ್ತದೆ. ಹೋಮ್ಸ್ ಕೌಂಟಿಯ ಕಪ್ಪು ಜನಾಂಗದ ತಂದೆತಾಯಿಗಳು 1969ರಲ್ಲಿ ಕೋರ್ಟಿಗೆ ಹೋಗಿ ಒಂದು ಸರಳ ಪ್ರಶ್ನೆ ಕೇಳಿದರು. ನಮ್ಮ ಮಕ್ಕಳನ್ನು ದೂರವಿಡುವ ಶಾಲೆಗೆ ಸರ್ಕಾರ ತೆರಿಗೆ ಬಿಟ್ಟು ಯಾಕೆ ನೆರವಾಗಬೇಕು? 1971ರ ಜೂನಿನಲ್ಲಿ ಗ್ರೀನ್ ಮೊಕದ್ದಮೆಯ ತೀರ್ಪು ಅವರ ಪರ ಬಂತು. ಜನಾಂಗಭೇದ ಮಾಡುವ ಶಾಲೆ ಧರ್ಮಾರ್ಥ ಸಂಸ್ಥೆಯಾಗಲಾರದು. ಆಗ ಅಧಿಕಾರದಲ್ಲಿದ್ದವರು ನಿಕ್ಸನ್, ರಿಪಬ್ಲಿಕನ್ ಪಕ್ಷದವರು. ತೆರಿಗೆ ಇಲಾಖೆ ಶಾಲೆಗಳಿಗೆ ಪ್ರಶ್ನಾವಳಿ ಕಳಿಸಲು ಶುರು ಮಾಡಿತು.

ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಬಗ್ಗಲಿಲ್ಲ. 1971ರವರೆಗೆ ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವೇ ಇರಲಿಲ್ಲ. ಆಮೇಲೆ ಮದುವೆಯಾದವರನ್ನು ಸೇರಿಸಿಕೊಂಡರು, 1975ರಿಂದ ಅವಿವಾಹಿತರನ್ನೂ ಸೇರಿಸಿಕೊಂಡರು. ಆದರೆ ಬೇರೆ ಜನಾಂಗದವರ ಜೊತೆ ಓಡಾಡಿದರೆ, ಪ್ರೀತಿಸಿದರೆ ಕಾಲೇಜಿನಿಂದ ಹೊರಗೆ ಎಂಬ ನಿಯಮ ಇಟ್ಟರು. ಬೈಬಲಿನಲ್ಲೇ ಹಾಗಿದೆ ಎಂಬುದು ಅವರ ವಾದ. 1976ರ ಜನವರಿಯಲ್ಲಿ ಇಲಾಖೆ ಅವರ ವಿನಾಯಿತಿ ಕಿತ್ತುಕೊಂಡಿತು, ಅದೂ 1970ರಿಂದ ಪೂರ್ವಾನ್ವಯವಾಗುವಂತೆ.

ಈ ಸಾಲಿನಲ್ಲಿ ಗರ್ಭಪಾತದ ತೀರ್ಪು ಎಲ್ಲಿ ಬರುತ್ತದೆ? 1973ರ ಜನವರಿ 22ಕ್ಕೆ, ಏಳು-ಎರಡರ ಬಹುಮತದಲ್ಲಿ. ಆಗ ಬೀದಿಗಿಳಿದವರು ಕ್ಯಾಥೊಲಿಕರು. ಪ್ರಾಟೆಸ್ಟಂಟರ ಅತಿ ದೊಡ್ಡ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 1971ರ ತಮ್ಮ ಸಮಾವೇಶದಲ್ಲೇ ಒಂದು ಠರಾವು ಮಾಡಿದ್ದರು: ಅತ್ಯಾಚಾರ, ಭ್ರೂಣದ ತೀವ್ರ ವೈಕಲ್ಯ, ತಾಯಿಯ ದೈಹಿಕ ಮಾನಸಿಕ ಆರೋಗ್ಯಕ್ಕೆ ಹಾನಿ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಬೇಕು ಎಂದು. ತೀರ್ಪು ಬಂದಾಗ ಡಲ್ಲಾಸಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಡಬ್ಲ್ಯು. ಎ. ಕ್ರಿಸ್‌ವೆಲ್, ಸಂಪ್ರದಾಯವಾದಿಗಳಲ್ಲೇ ಕಡು ಸಂಪ್ರದಾಯವಾದಿ, ಸಮಾಧಾನದ ಮಾತೇ ಆಡಿದ್ದರು. ಗರ್ಭಪಾತದ ವಿರೋಧ ಎಂದರೆ ಅವರ ಕಣ್ಣಿಗೆ ರೋಮಿನ ಪೋಪರ ಹಟ, ನಮಗೇಕೆ ಅದು ಎಂಬಂತೆ. ಫಾಲ್ವೆಲ್ ಈ ವಿಷಯದ ಮೇಲೆ ಮೊದಲ ಪ್ರವಚನ ಮಾಡಿದ್ದು 1978ರ ಫೆಬ್ರವರಿಯಲ್ಲಿ ಎನ್ನುತ್ತಾರೆ ಇತಿಹಾಸಕಾರ ರ‍್ಯಾಂಡಲ್ ಬಾಮರ್. ತೀರ್ಪು ಬಂದು ಐದು ವರ್ಷವಾಗಿತ್ತು.

1976ರಲ್ಲಿ ಮತ್ತೊಂದು ವಿಚಿತ್ರ ನಡೆಯಿತು. ತಾನು ಕ್ರಿಸ್ತನಲ್ಲಿ ಮರುಹುಟ್ಟು ಪಡೆದವನು ಎಂದು ಎಲ್ಲರೆದುರು ಹೇಳಿಕೊಳ್ಳುವ, ಪ್ರತಿ ಭಾನುವಾರ ಚರ್ಚಿನಲ್ಲಿ ಪಾಠ ಹೇಳುವ ಜಾರ್ಜಿಯಾದ ಕಡಲೆಕಾಯಿ ಬೆಳೆಗಾರ ಜಿಮ್ಮಿ ಕಾರ್ಟರ್ ಅಧ್ಯಕ್ಷರಾದರು. ಡೆಮಾಕ್ರಟ್. ನ್ಯೂಸ್‌ವೀಕ್ ಪತ್ರಿಕೆ ಇವ್ಯಾಂಜೆಲಿಕಲರನ್ನು ಮುಖಪುಟಕ್ಕೆ ತಂದಿತು. ಟಿವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ ಸೇರಿದಂತೆ ಎಷ್ಟೋ ಪಾದ್ರಿಗಳು ನಮ್ಮವನೊಬ್ಬ ಗೆದ್ದ ಎಂದು ಹಿಗ್ಗಿದರು. ಕಾರ್ಟರ್ ಭಕ್ತಿಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ, ಆದರೆ ಚರ್ಚು ಮತ್ತು ಸರ್ಕಾರದ ನಡುವೆ ಗೋಡೆ ಇರಬೇಕೆಂಬ ಹಳೆಯ ಬ್ಯಾಪ್ಟಿಸ್ಟ್ ನಂಬಿಕೆಯವರು.

ಅವರ ತೆರಿಗೆ ಕಮಿಷನರ್ ಜೆರೋಮ್ ಕರ್ಟ್ಜ್ 1978ರ ಆಗಸ್ಟಿನಲ್ಲಿ ಹೊಸ ನಿಯಮದ ಕರಡು ಹೊರಡಿಸಿದರು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಬೆರೆಸಿದ ಹೊತ್ತಿನಲ್ಲೇ ಹುಟ್ಟಿದ ಅಥವಾ ಹಿಗ್ಗಿದ ಖಾಸಗಿ ಶಾಲೆಯಾದರೆ, ಅಲ್ಲಿ ಅಲ್ಪಸಂಖ್ಯಾತ ಮಕ್ಕಳು ನೆಪಕ್ಕಷ್ಟೇ ಇದ್ದರೆ, ತಾನು ಭೇದ ಮಾಡುತ್ತಿಲ್ಲವೆಂದು ಶಾಲೆಯೇ ರುಜುವಾತು ಮಾಡಬೇಕು. ಕಚೇರಿಯ ಭಾಷೆಯಲ್ಲಿ ಬರೆದ, ಯಾರೂ ಓದಲಾರದಂಥ ಕಾಗದ. ಓದಿದವರು ಲಕ್ಷಕ್ಕೂ ಹೆಚ್ಚು ಪ್ರತಿಭಟನೆಯ ಕಾಗದ ಬರೆದರು. ಡಿಸೆಂಬರಿನ ಅಹವಾಲು ಸಭೆಯಲ್ಲಿ ಪಾದ್ರಿಗಳು, ಶಾಲೆಯ ಆಡಳಿತದವರು, ಶಾಸಕರು ಸಾಲುಗಟ್ಟಿದರು. ಮರುವರ್ಷ ಸಂಸತ್ತು ಆ ನಿಯಮಕ್ಕೆ ಹಣವನ್ನೇ ತಡೆದು ಮುಗಿಸಿತು.

ಇದನ್ನು ದೂರದಿಂದ ನೋಡುತ್ತ ಕೈ ಉಜ್ಜಿಕೊಂಡವರು ಪಾಲ್ ವೈರಿಕ್. ವಿಸ್ಕಾನ್ಸಿನ್ನಿನ ಕ್ಯಾಥೊಲಿಕ್, ಹೆರಿಟೇಜ್ ಫೌಂಡೇಶನ್ನಿನ ಸಂಸ್ಥಾಪಕರಲ್ಲೊಬ್ಬರು, ಹುಟ್ಟಾ ಸಂಘಟಕ. ಈ ಚರ್ಚುಗಳ ಲಕ್ಷಾಂತರ ಮತಗಳು ಪೋಲಾಗುತ್ತಿವೆ ಎಂದು ಅವರು ಹತ್ತು ವರ್ಷದಿಂದ ಗಾಳ ಹಾಕುತ್ತಿದ್ದರು. ಅಶ್ಲೀಲ ಪುಸ್ತಕ, ಶಾಲೆಯ ಪ್ರಾರ್ಥನೆ, ಸ್ತ್ರೀಯರ ಸಮಾನ ಹಕ್ಕಿನ ತಿದ್ದುಪಡಿ, ಗರ್ಭಪಾತ ಎಲ್ಲವನ್ನೂ ಕೊಕ್ಕೆಗೆ ಸಿಕ್ಕಿಸಿ ನೋಡಿದ್ದರು. ಕೊನೆಗೆ ಕಚ್ಚಿದ್ದು ಕ್ರಿಶ್ಚಿಯನ್ ಶಾಲೆಗಳ ಮೇಲೆ ಸರ್ಕಾರ ಕೈ ಹಾಕಿದ್ದು ಎಂದು ಮುಂದೆ ಅವರೇ ಮತ್ತೆ ಮತ್ತೆ ಹೇಳಿದರು. ತಮ್ಮದೇ ಚಳವಳಿಯ ಜನಪ್ರಿಯ ಹುಟ್ಟುಕಥೆಯನ್ನು ಅಲ್ಲಗಳೆದು ಹೇಳಿದರು. ಬಾಮರ್ ಇದನ್ನೇ ಹಿಡಿದು ದಾಖಲೆ ಕಲೆಹಾಕಿದವರು. ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಡೇನಿಯಲ್ ವಿಲಿಯಮ್ಸ್ ಅಂಥವರು ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ, ಗರ್ಭಪಾತದ ಬಗ್ಗೆ ಕಳವಳ ಆ ದಶಕದ ಉದ್ದಕ್ಕೂ ತಾನಾಗಿಯೇ ಬೆಳೆಯುತ್ತಿತ್ತು ಎನ್ನುತ್ತಾರೆ. ನನಗನ್ನಿಸುವುದು ಇಷ್ಟು: ನಾಯಕರನ್ನು ಎಬ್ಬಿಸಿದ್ದು ಶಾಲೆಯ ತೆರಿಗೆ, ಜನರನ್ನು ಎಬ್ಬಿಸಲು ಅದು ಸಾಲುತ್ತಿರಲಿಲ್ಲ. ಬಿಳಿಯರ ಶಾಲೆಗೆ ವಿನಾಯಿತಿ ಬೇಕು ಎಂದು 1979ರಲ್ಲಿ ಬಾವುಟ ಹಿಡಿದು ಯಾರೂ ಚುನಾವಣೆ ಗೆಲ್ಲಲಾರರು.

ಬಾವುಟ ಸಿಕ್ಕಿದ್ದು ಆಯೋವಾದಲ್ಲಿ. 1978ರ ನವೆಂಬರ್, ಚುನಾವಣೆಗೆ ಮುಂಚಿನ ಕೊನೆಯ ಭಾನುವಾರ. ಜನ ಚರ್ಚಿನೊಳಗೆ ಪ್ರಾರ್ಥನೆಯಲ್ಲಿದ್ದಾಗ ಗರ್ಭಪಾತ ವಿರೋಧಿ ಕಾರ್ಯಕರ್ತರು ಹೊರಗೆ ನಿಂತಿದ್ದ ಕಾರುಗಳ ಗಾಜಿನ ವೈಪರಿಗೆ ಕರಪತ್ರ ಸಿಕ್ಕಿಸಿ ಹೋದರು. ಎರಡು ದಿನದ ಮೇಲೆ, ಗೆಲ್ಲುವುದು ಖಚಿತ ಎನ್ನಿಸಿದ್ದ ಡೆಮಾಕ್ರಟಿಕ್ ಸೆನೆಟರ್ ಡಿಕ್ ಕ್ಲಾರ್ಕ್ ಸೋತಿದ್ದರು. ಹಂಚಿದವರೂ ಓದಿದವರೂ ಬಹುಪಾಲು ಕ್ಯಾಥೊಲಿಕರೇ. ಆದರೆ ವೈರಿಕ್‌ಗೆ ಪಾಠ ತಿಳಿಯಿತು. ಇದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ಆಶ್ರಮದಂಥ ಮನೆ ಮಾಡಿಕೊಂಡಿದ್ದ ಚಿಂತಕ ಫ್ರಾನ್ಸಿಸ್ ಶೇಫರ್, ಫಿಲಡೆಲ್ಫಿಯಾದ ಮಕ್ಕಳ ಶಸ್ತ್ರವೈದ್ಯ ಸಿ. ಎವರೆಟ್ ಕೂಪ್ ಜೊತೆ ಸೇರಿ ಗರ್ಭಪಾತದ ವಿರುದ್ಧ ಒಂದು ಚಲನಚಿತ್ರ ಸರಣಿ ಮಾಡಿ, 1979ರಲ್ಲಿ ಊರೂರಿಗೆ ಒಯ್ದರು. ಪೋಪರ ಹಟವೆಂದು ದೂರವಿಟ್ಟಿದ್ದ ವಿಷಯ ಪ್ರಾಟೆಸ್ಟಂಟರ ಚರ್ಚಿನ ಪರದೆಯ ಮೇಲೆ ಬಂತು.

ಅದೇ 1979ರ ವಸಂತದಲ್ಲಿ ಲಿಂಚ್‌ಬರ್ಗ್‌ನಲ್ಲಿ ಫಾಲ್ವೆಲ್ ಜೊತೆ ಕೆಲವರು ಕೂತರು. ವೈರಿಕ್; ಯಹೂದಿ ಮನೆತನದಲ್ಲಿ ಹುಟ್ಟಿದ ಹೊವರ್ಡ್ ಫಿಲಿಪ್ಸ್; ಕ್ರಿಶ್ಚಿಯನ್ ಶಾಲೆಗಳ ಸಂಘಟಕ ರಾಬರ್ಟ್ ಬಿಲ್ಲಿಂಗ್ಸ್; ಇನ್ನೂ ಕೆಲವರು. ದೇಶದಲ್ಲಿ ನೀತಿವಂತರೇ ಬಹುಸಂಖ್ಯಾತರು, ಅವರನ್ನು ಒಗ್ಗೂಡಿಸಬೇಕು ಎಂದು ವೈರಿಕ್ ಹೇಳುತ್ತಿದ್ದಾಗ ಬಾಯಿಂದ ಬಂದ 'ಮಾರಲ್ ಮೆಜಾರಿಟಿ' ಎಂಬ ಮಾತನ್ನು ಫಾಲ್ವೆಲ್ ಅಲ್ಲೇ ಹಿಡಿದುಕೊಂಡರು. ಜೂನಿನಲ್ಲಿ ಆ ಹೆಸರಿನ ಸಂಸ್ಥೆ ಹುಟ್ಟಿತು. ಮೊದಲ ಕಾರ್ಯನಿರ್ವಾಹಕ ಬಿಲ್ಲಿಂಗ್ಸ್ ಆದರು, ಶಾಲೆಯವರೇ. ಹೆಸರು ಇಟ್ಟವರು ಕ್ಯಾಥೊಲಿಕ್, ಪಕ್ಕದಲ್ಲಿ ಕೂತವರು ಯಹೂದಿ ಮೂಲದವರು. ನೂರು ವರ್ಷದಿಂದ ಇವರ ಮುಖ ಕಂಡರಾಗದಿದ್ದ ಬ್ಯಾಪ್ಟಿಸ್ಟರು ಇದನ್ನು ನುಂಗಿಕೊಂಡದ್ದೇ ಒಂದು ಕ್ರಾಂತಿ.

ದುಡ್ಡಿನ ವಿದ್ಯೆ ರಿಚರ್ಡ್ ವಿಗರಿ ಅವರದು. ಟೆಕ್ಸಸ್ಸಿನ ಈ ಮನುಷ್ಯ 1964ರ ಚುನಾವಣೆ ಮುಗಿದ ಮೇಲೆ ಸಂಸತ್ತಿನ ಕಚೇರಿಗೆ ಹೋಗಿ, ಸೋತ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್‌ಗೆ 50 ಡಾಲರಿಗೂ ಹೆಚ್ಚು ಕೊಟ್ಟವರ ಹೆಸರು ವಿಳಾಸಗಳನ್ನು ಕೈಬರಹದಲ್ಲಿ ನಕಲು ಮಾಡಿಸಿಕೊಂಡು ಬಂದಿದ್ದರು, 12,500 ಹೆಸರು. ಆ ಪಟ್ಟಿ ಕಂಪ್ಯೂಟರಿನ ಟೇಪಿಗೇರಿ ಬೆಳೆಯುತ್ತ ಹೋಯಿತು. ಮನೆಮನೆಗೆ ಕಾಗದ, ಕಾಗದದಲ್ಲಿ ಒಂದು ಭಯ, ಕೆಳಗೆ ದೇಣಿಗೆಯ ಚೀಟಿ. ಟಿವಿ ಬೋಧಕರ ಬಳಿಯೂ ಇಂಥದ್ದೇ ಭಕ್ತರ ಪಟ್ಟಿಗಳಿದ್ದವು. ಪತ್ರಿಕೆಯವರ ಕಣ್ಣಿಗೆ ಬೀಳದೆ ಲಕ್ಷಾಂತರ ಅಡುಗೆಮನೆಗಳಿಗೆ ತಲುಪುವ ಈ ಅಂಚೆಯೇ ಆ ಕಾಲದ ವಾಟ್ಸಪ್.

1980ರ ಆಗಸ್ಟಿನಲ್ಲಿ ಡಲ್ಲಾಸಿನ ರಿಯೂನಿಯನ್ ಅರೀನಾ ಕ್ರೀಡಾಂಗಣದಲ್ಲಿ ಸುಮಾರು 15,000 ಜನ ಸೇರಿದರು, ಅದರಲ್ಲಿ ಸಾವಿರಾರು ಪಾದ್ರಿಗಳು. ವೇದಿಕೆಯ ಮೇಲೆ ವೈರಿಕ್ ಒಂದು ಮಾತು ಹೇಳಿದರು, ಅದು ಚಿತ್ರೀಕರಣವಾಗಿ ಉಳಿದಿದೆ. ಎಲ್ಲರೂ ಮತ ಹಾಕಲಿ ಎಂಬ ಆಸೆ ನನಗಿಲ್ಲ, ಮತ ಹಾಕುವವರು ಕಡಿಮೆಯಾದಷ್ಟೂ ನಮ್ಮ ತೂಕ ಹೆಚ್ಚುತ್ತದೆ ಎಂದು. ಬಹುಸಂಖ್ಯಾತರ ಹೆಸರು ಹೊತ್ತ ಚಳವಳಿಯ ಶಿಲ್ಪಿಯ ಮಾತು ಇದು. ರಾತ್ರಿ ಬಂದವರು ರಿಪಬ್ಲಿಕನ್ ಅಭ್ಯರ್ಥಿ ರೊನಾಲ್ಡ್ ರೇಗನ್. ವಿಚ್ಛೇದನ ಪಡೆದು ಮರುಮದುವೆಯಾದ ಹಾಲಿವುಡ್ ನಟ; ಚರ್ಚಿಗೆ ಹೋಗುವುದು ಅಪರೂಪ; ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ 1967ರಲ್ಲಿ ಗರ್ಭಪಾತದ ಕಾನೂನು ಸಡಿಲಿಸಿದ ಮಸೂದೆಗೆ ಸಹಿ ಹಾಕಿದವರು. ತೆರಿಗೆ ವಿನಾಯಿತಿಯಿರುವ ಚರ್ಚುಗಳು ಅಭ್ಯರ್ಥಿಯನ್ನು ಬೆಂಬಲಿಸಬಾರದೆಂದು 1954ರಿಂದ ಕಾನೂನಿತ್ತು. ರೇಗನ್ ಅದನ್ನೇ ತಿರುಗಿಸಿದರು. ನೀವು ನನ್ನನ್ನು ಅನುಮೋದಿಸುವ ಹಾಗಿಲ್ಲ ಎಂದು ಗೊತ್ತು, ಆದರೆ ನಾನು ನಿಮ್ಮನ್ನು ಅನುಮೋದಿಸುತ್ತೇನೆ ಎಂದರು. ಅರೀನಾ ಎದ್ದು ನಿಂತಿತು. ಆ ಭಾಷಣದಲ್ಲಿ ಅವರು ತೆರಿಗೆ ಇಲಾಖೆಯನ್ನು ಜಾಡಿಸಿದರು.

ನವೆಂಬರಿನಲ್ಲಿ ರೇಗನ್ 44 ರಾಜ್ಯ ಗೆದ್ದರು. ಭಾನುವಾರದ ಪಾಠ ಹೇಳುತ್ತಿದ್ದ ಕಾರ್ಟರ್ ಮನೆಗೆ ಹೋದರು. ಮ್ಯಾಕ್‌ಗವರ್ನ್, ಫ್ರಾಂಕ್ ಚರ್ಚ್, ಬರ್ಚ್ ಬೈ ಎಂಬ ಘಟಾನುಘಟಿ ಡೆಮಾಕ್ರಟ್ ಸೆನೆಟರುಗಳು ಉರುಳಿದರು. ಹಣದುಬ್ಬರ ಮತ್ತು ಇರಾನಿನ ಒತ್ತೆಯಾಳುಗಳ ಬಿಕ್ಕಟ್ಟು ಕಾರ್ಟರರನ್ನು ಹೇಗೂ ಸೋಲಿಸುತ್ತಿದ್ದವು. ಫಾಲ್ವೆಲ್ ಮಾತ್ರ ಗೆಲುವು ತಮ್ಮದೆಂದರು, ಸೋತವರೂ ಹೌದು ಅವರದೇ ಎಂದರು. ರಾಜಕೀಯದಲ್ಲಿ ಇಬ್ಬರೂ ಹೌದೆಂದರೆ ಅದೇ ಸತ್ಯ.

ಗೆದ್ದ ಮೇಲೆ ಸಿಕ್ಕಿದ್ದೇನು? ಬಹಳವೇನಿಲ್ಲ. 1981ರಲ್ಲಿ ರೇಗನ್ ಸುಪ್ರೀಂ ಕೋರ್ಟಿಗೆ ಹೆಸರಿಸಿದ ಸ್ಯಾಂಡ್ರಾ ಡೇ ಒಕಾನರ್ ಗರ್ಭಪಾತದ ವಿಷಯದಲ್ಲಿ ಮೆದು ಎಂದು ಫಾಲ್ವೆಲ್ ಅಪಸ್ವರ ತೆಗೆದರು, ಒಳ್ಳೆಯ ಕ್ರೈಸ್ತರೆಲ್ಲ ಚಿಂತಿಸಬೇಕು ಎಂದರು. ಒಳ್ಳೆಯ ಕ್ರೈಸ್ತರೆಲ್ಲ ಫಾಲ್ವೆಲ್ ಕುಂಡೆಗೆ ಒದೆಯಬೇಕು ಎಂದು ಉತ್ತರ ಕೊಟ್ಟವರು ಸಂಪ್ರದಾಯವಾದದ ಪಿತಾಮಹ ಗೋಲ್ಡ್‌ವಾಟರ್. ಶಾಲಾ ಪ್ರಾರ್ಥನೆಯ ತಿದ್ದುಪಡಿ 1984ರಲ್ಲಿ ಸೆನೆಟಿನಲ್ಲಿ 56 ಮತ ಪಡೆದರೂ ಮೂರನೇ ಎರಡರಷ್ಟಾಗದೆ ಬಿತ್ತು. ಬಾಬ್ ಜೋನ್ಸ್‌ಗೆ ವಿನಾಯಿತಿ ಮರಳಿಸಲು 1982ರಲ್ಲಿ ರೇಗನ್ ಸರ್ಕಾರ ಹೊರಟಾಗ ದೇಶದಲ್ಲಿ ಗದ್ದಲವೆದ್ದಿತು. ಮರುವರ್ಷ ಸುಪ್ರೀಂ ಕೋರ್ಟು 8-1ರಿಂದ ವಿಶ್ವವಿದ್ಯಾಲಯದ ವಿರುದ್ಧ ತೀರ್ಪಿತ್ತಿತು. ಎಲ್ಲಕ್ಕೆ ಮೂಲವಾದ ಆ ವ್ಯಾಜ್ಯವನ್ನು ಅವರು ಸೋತರು.

ಡಾಕ್ಟರ್ ಕೂಪ್ ಕಥೆ ಇನ್ನೂ ಸ್ವಾರಸ್ಯ. ಧಾರ್ಮಿಕರ ಒತ್ತಾಯಕ್ಕೆ ರೇಗನ್ ಅವರನ್ನು ದೇಶದ ಸರ್ಜನ್ ಜನರಲ್, ಅಂದರೆ ಮುಖ್ಯ ಆರೋಗ್ಯಾಧಿಕಾರಿ, ಮಾಡಿದರು. ಉದಾರವಾದಿಗಳು ಬಾಯಿ ಬಡಿದುಕೊಂಡರು. ಅಷ್ಟರಲ್ಲಿ ಏಡ್ಸ್ ಬಂತು. ಅದನ್ನು ಸಲಿಂಗಿಗಳಿಗೆ ದೇವರು ಕೊಟ್ಟ ಶಿಕ್ಷೆ ಎಂದು ಪೀಠಗಳಿಂದ ಸಾರುತ್ತಿದ್ದಾಗ, 1986ರ ತಮ್ಮ ವರದಿಯಲ್ಲಿ ಕೂಪ್ ಚಿಕ್ಕ ತರಗತಿಯಿಂದಲೇ ಲೈಂಗಿಕ ಶಿಕ್ಷಣ ಕೊಡಿ, ಕಾಂಡೋಮ್ ಬಳಸಿ ಎಂದು ಬರೆದರು. 1988ರಲ್ಲಿ ದೇಶದ ಸುಮಾರು 10.7 ಕೋಟಿ ಮನೆಗಳಿಗೂ ಅದರ ಕರಪತ್ರ ಕಳಿಸಿದರು. ಗರ್ಭಪಾತದಿಂದ ಹೆಂಗಸರ ಮನಸ್ಸಿಗೆ ಹಾನಿಯಾಗುತ್ತದೆಂದು ವರದಿ ಕೊಡಿ ಎಂದು ಅಧ್ಯಕ್ಷರು ಕೇಳಿದರೆ, ಹಾಗೆ ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದು ಬರೆದು ಕಳಿಸಿದರು. ಗರ್ಭಪಾತವನ್ನು ಅವರು ಕೊನೆಯವರೆಗೂ ವಿರೋಧಿಸಿದರು. ಆದರೆ ಇಲ್ಲದ ಪುರಾವೆಯನ್ನು ಇದೆ ಎನ್ನಲಿಲ್ಲ. ಈ ಇಡೀ ಇತಿಹಾಸದಲ್ಲಿ ನನಗೆ ತುಂಬ ಗೌರವ ಹುಟ್ಟಿಸುವ ಮನುಷ್ಯ ಅವರೇ.

ಆ ದಶಕದ ಕೊನೆಯ ವರ್ಷಗಳು ಹಗರಣಗಳವು. ಟಿವಿ ಬೋಧಕ ಜಿಮ್ ಬ್ಯಾಕರ್ ಹೆಣ್ಣು ಮತ್ತು ಹಣದ ಪ್ರಕರಣದಲ್ಲಿ ಬಿದ್ದಾಗ, ಅವರ ಸಂಸ್ಥೆಯನ್ನು ಫಾಲ್ವೆಲ್ ವಹಿಸಿಕೊಂಡರು. ಅದಕ್ಕೊಂದು ಕ್ರೈಸ್ತ ವಿಹಾರಧಾಮವೂ ಇತ್ತು. ಎರಡು ಕೋಟಿ ಡಾಲರ್ ದೇಣಿಗೆ ಕೂಡಿದರೆ ಅಲ್ಲಿನ ನೀರಿನ ಜಾರುಬಂಡಿಯಲ್ಲಿ ಜಾರುವೆನೆಂದು ಮಾತು ಕೊಟ್ಟಿದ್ದರು, 1987ರ ಸೆಪ್ಟೆಂಬರಿನಲ್ಲಿ ಸೂಟು ಟೈ ಸಮೇತ, ಎದೆಯ ಮೇಲೆ ಕೈಕಟ್ಟಿ ಜಾರಿಯೇಬಿಟ್ಟರು. 1989ರಲ್ಲಿ ಮಾರಲ್ ಮೆಜಾರಿಟಿಯ ಅಂಗಡಿ ಮುಚ್ಚಿದರು.

ಮುಗಿಯಿತು ಎಂದುಕೊಂಡವರು ಮೋಸ ಹೋದರು. 1988ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಸೋತ ಪ್ಯಾಟ್ ರಾಬರ್ಟ್‌ಸನ್ ಕ್ರಿಶ್ಚಿಯನ್ ಕೊಅಲಿಷನ್ ಕಟ್ಟಿ ರಾಲ್ಫ್ ರೀಡ್ ಎಂಬ ಎಳೆಯ ಯುವಕನ ಕೈಗೆ ಕೊಟ್ಟರು. ಟಿವಿಯ ಅಬ್ಬರ ಬಿಟ್ಟು ರೀಡ್ ತಳಕ್ಕಿಳಿದರು: ಶಾಲಾ ಮಂಡಳಿ, ಪಕ್ಷದ ಸ್ಥಳೀಯ ಸಮಿತಿ, ಚರ್ಚಿನಲ್ಲಿ ಹಂಚುವ ಮತದಾರರ ಕೈಪಿಡಿ. 1994ರಲ್ಲಿ ರಿಪಬ್ಲಿಕನರು ನಲವತ್ತು ವರ್ಷದ ಮೇಲೆ ಜನಪ್ರತಿನಿಧಿ ಸಭೆ ಗೆದ್ದದ್ದರಲ್ಲಿ ಈ ಕೆಲಸದ ಪಾಲಿದೆ. ಆದರೂ 1999ರಲ್ಲಿ, ಅಧ್ಯಕ್ಷ ಕ್ಲಿಂಟನ್ ಮಹಾಭಿಯೋಗದಿಂದ ಪಾರಾದ ಮೇಲೆ, ವೈರಿಕ್ ಬಹಿರಂಗ ಪತ್ರ ಬರೆದು ಕೈಚೆಲ್ಲಿದರು. ಸಂಸ್ಕೃತಿಯ ಯುದ್ಧವನ್ನು ನಾವು ಸೋತಂತಿದೆ, ಬಹುಸಂಖ್ಯಾತರು ನಮ್ಮ ಜೊತೆಗಿಲ್ಲ, ಇನ್ನು ನಮ್ಮ ಪಾಡಿಗೆ ನಾವು ಪ್ರತ್ಯೇಕ ಬದುಕು ಕಟ್ಟಿಕೊಳ್ಳೋಣ ಎಂಬ ಧಾಟಿ. ಡೇಟನ್ನಿನ ನಂತರದ ಭಕ್ತರು ಆಡಿದ್ದ ಮಾತೇ ಇದು. ಮರುವರ್ಷ ಜಾರ್ಜ್ ಬುಷ್ ಮತ ಕೇಳಲು ಬಾಬ್ ಜೋನ್ಸ್‌ಗೆ ಹೋಗಿ ವಿವಾದವಾಯಿತು; ಅದರ ಬಿಸಿಗೆ, 2000ದ ಮಾರ್ಚಿನಲ್ಲಿ, ಟಿವಿ ಸಂದರ್ಶನವೊಂದರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ಜನಾಂಗದಾಚೆಯ ಪ್ರೇಮದ ಮೇಲಿನ ನಿಷೇಧ ತೆಗೆದಿದ್ದೇವೆ ಎಂದು ಹೇಳಿ ಮುಗಿಸಿದರು.

2004ರಲ್ಲಿ ಸಲಿಂಗ ವಿವಾಹದ ವಿರುದ್ಧ 11 ರಾಜ್ಯಗಳಲ್ಲಿ ನವೆಂಬರಿನ ಜನಮತ ನಡೆದು ಹನ್ನೊಂದರಲ್ಲೂ ನಿಷೇಧ ಗೆದ್ದಿತು. 2015ರಲ್ಲಿ ಸುಪ್ರೀಂ ಕೋರ್ಟು ಅಷ್ಟನ್ನೂ ಅಳಿಸಿತು. ಬಿಳಿಯ ಇವ್ಯಾಂಜೆಲಿಕಲರ ಪ್ರಮಾಣವೇ ಕರಗುತ್ತಿತ್ತು. ಪಿಆರ್‌ಆರ್‌ಐ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ 2006ರಲ್ಲಿ ಜನಸಂಖ್ಯೆಯ ಶೇ. 23ರಷ್ಟಿದ್ದವರು 2020ಕ್ಕೆ ಸುಮಾರು ಶೇ. 14.5. ಕುಗ್ಗುತ್ತಿರುವವರ ಗಾಬರಿಯನ್ನು ಓದಿದವರು ಡೊನಾಲ್ಡ್ ಟ್ರಂಪ್. 2016ರ ಜನವರಿಯಲ್ಲಿ ಫಾಲ್ವೆಲ್ ಕಟ್ಟಿದ ಲಿಬರ್ಟಿ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಬೈಬಲಿನ ಪುಸ್ತಕವೊಂದರ ಹೆಸರನ್ನೇ ಅವರು ತಪ್ಪಾಗಿ ಓದಿದಾಗ ವಿದ್ಯಾರ್ಥಿಗಳು ನಕ್ಕರು. ಆದರೆ ಎಂಥ ನ್ಯಾಯಾಧೀಶರನ್ನು ನೇಮಿಸುತ್ತೇನೆಂದು ಹೆಸರಿನ ಪಟ್ಟಿಯನ್ನೇ ಕೊಟ್ಟ ಮೊದಲ ಅಭ್ಯರ್ಥಿಯೂ ಅವರೇ. ಹತ್ತರಲ್ಲಿ ಎಂಟು ಬಿಳಿಯ ಇವ್ಯಾಂಜೆಲಿಕಲ್ ಮತ ಅವರಿಗೆ ಬಿತ್ತು. ರೇಗನ್ ಕೊಡದಿದ್ದನ್ನು ಅವರು ಕೊಟ್ಟರು. ಮೂವರು ನ್ಯಾಯಮೂರ್ತಿಗಳ ನೇಮಕವಾಯಿತು; 2022ರ ಜೂನ್ 24ರಂದು, ಮಿಸಿಸಿಪಿಯಿಂದಲೇ ಬಂದ ಮೊಕದ್ದಮೆಯೊಂದರಲ್ಲಿ, 1973ರ ತೀರ್ಪು ರದ್ದಾಯಿತು.

ಸುಮಾರು ಆರು ವಾರದ ಮೇಲೆ ಕಾನ್ಸಸ್ಸಿನಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನದಿಂದ ತೆಗೆಯಬೇಕೇ ಎಂದು ಜನರನ್ನು ಕೇಳಿದರು. ರಿಪಬ್ಲಿಕನರ ಭದ್ರಕೋಟೆ ಅದು. ಬೇಡ ಎಂದವರು ಶೇ. 59. ಪಕ್ಷಕ್ಕೆ ಸೂಚನೆ ಸಿಕ್ಕಿತು. 2024ರ ಜುಲೈನಲ್ಲಿ ಟ್ರಂಪ್ ತಂಡ ಬರೆದ ಪ್ರಣಾಳಿಕೆಯಲ್ಲಿ, ದೇಶವ್ಯಾಪಿ ನಿರ್ಬಂಧ ಬೇಕೆಂದು ದಶಕಗಳಿಂದ ಇದ್ದ ಒತ್ತಾಯ ಮಾಯವಾಗಿ, ರಾಜ್ಯಗಳೇ ತೀರ್ಮಾನಿಸಲಿ ಎಂಬ ಸಾಲು ಬಂತು. ಗರ್ಭಪಾತ ವಿರೋಧಿ ಸಂಘಟನೆಗಳ ಕೆಲವು ಮುಖಂಡರು ಗೊಣಗಿದರು. ನವೆಂಬರಿನಲ್ಲಿ ಬಿಳಿಯ ಇವ್ಯಾಂಜೆಲಿಕಲರ ಮತ ಎಣಿಸಿದಾಗ ಮತ್ತೆ ಹತ್ತರಲ್ಲಿ ಎಂಟು ಟ್ರಂಪ್‌ಗೇ ಬಿದ್ದಿತ್ತು.